ಮಂಚದ ಕೆಳಗಿನ ಡಬ್ಬಗಳು

ಪ್ಯಾಂಟಿನ ಇಸ್ತ್ರಿ ಕೆಡದ ಹಾಗೆ ಒಂದೇ ಮೊಣಕಾಲೂರಿ, ಪ್ರೊಫೆಸರರು ಮಂಚದ ಕೆಳಗಿದ್ದ ಶೂ ಡಬ್ಬಗಳನ್ನು ಎಣಿಸುತ್ತಿದ್ದರು. ಮಂಚದ ಮೇಲೆ ಹೆಣವಿತ್ತು. ಬೆಳಿಗ್ಗೆಯಿಂದ ಬಂದವರೆಲ್ಲ ಸತ್ತವನ ಮುಖ ನೋಡಿ, ಮಗಳಿಗೆ ಎರಡು ಮಾತು ಹೇಳಿ, ಗೋಡೆಗೊರಗಿ ನಿಂತಿದ್ದರು. ಈ ದೊಡ್ಡ ಮನುಷ್ಯರಿಗೆ ಮಾತ್ರ ಮುಖ ನೋಡಲು ಪುರುಸೊತ್ತಿರಲಿಲ್ಲ. ಹದಿನೇಳು ಎಂದು ಎಣಿಕೆ ಮುಗಿಸಿ ಎದ್ದು, ಕೈ ಕೊಡವಿಕೊಂಡು, ಮಗಳನ್ನು ಬಾಗಿಲ ಹತ್ತಿರ ಕರೆದರು.

ಪುಸ್ತಕದ ಮೂರನೇ ಭಾಗ ತಿಂಗಳ ಕೊನೆಗೆ ಅಚ್ಚಿಗೆ ಹೋಗಬೇಕು, ಕಾರು ಕೆಳಗೇ ನಿಂತಿದೆ, ಡ್ರೈವರ್ ಬಂದು ಒಂದೊಂದೇ ಇಳಿಸಿಕೊಳ್ಳುತ್ತಾನೆ, ಇಂಥ ಹೊತ್ತಿನಲ್ಲಿ ಮನೆಯವರಿಗೆ ಈ ತಲೆನೋವು ಯಾಕೆ ಎಂದರು. ಅವರ ಬಾಯಲ್ಲಿ ಅದು ಉಪಕಾರದ ಮಾತಿನ ಹಾಗೆಯೇ ಬಂತು. ಮಗಳು ಔಷಧಿ ಅಂಗಡಿಯ ಕೌಂಟರಿನಲ್ಲಿ ದಿನವಿಡೀ ಹೂಂಗುಟ್ಟುವವಳು, ಇಲ್ಲಿಯೂ ಹೂಂಗುಟ್ಟಿದಳು.

ಬೈಂಡರನಿಗೆ ಅದು ಕೇಳಿಸಿತು. ಪ್ರೆಸ್ಸಿನಲ್ಲಿ ಸತ್ತವನ ಜೊತೆ ಮೂವತ್ತು ವರ್ಷ ದುಡಿದವನು ಅವನು. ಸೀದಾ ಹೋಗಿ, ಹೆಣದ ಕಾಲ ಬಳಿ ಕೂತಿದ್ದ ಸತ್ತವನ ಹೆಂಡತಿಯ ಪಕ್ಕ ಕುಕ್ಕರಿಸಿದ.

"ಅತ್ತಿಗೆ, ಹೆಣ ಎತ್ತೋಕೆ ಮುಂಚೆ ಡಬ್ಬ ಎತ್ತೋಕೆ ಬಂದಿದಾರೆ," ಅಂದ.

* * *

ಸತ್ತವನ ಕೆಲಸ ಪ್ರೂಫ್ ತಿದ್ದುವುದು, ಚಟ ಪೇಪರಿನ ಇಂಗ್ಲಿಷ್ ಪದಬಂಧ ಬಿಡಿಸುವುದು. ಒಮ್ಮೆ ನಡುವೆ ಎಕ್ಸ್ ಇರುವ ಪದವೊಂದಕ್ಕಾಗಿ ಡಿಕ್ಷನರಿಯನ್ನು ಮೊದಲ ಪುಟದಿಂದ ಕೊನೆಯವರೆಗೂ ತಿರುವಿ ಸುಸ್ತಾದ. ಮೊದಲ ಅಕ್ಷರ ಗೊತ್ತಿದ್ದವನಿಗಷ್ಟೇ ಇದು ಬಾಗಿಲು ತೆರೆಯುವುದೇ ಎಂದು ಅವನಿಗೆ ಸಿಟ್ಟು ಬಂತು. ಯಾವ ಅಕ್ಷರ ಕೈಯಲ್ಲಿದ್ದರೂ ಅದಿರುವ ಪದಗಳೆಲ್ಲ ಸಿಗುವಂಥ ಪುಸ್ತಕ ಮಾಡುತ್ತೇನೆ ಎಂದು ಹಟ ಹಿಡಿದ. ಬೈಂಡರ್ ಕತ್ತರಿಸಿ ಬಿಸಾಡುವ ದಪ್ಪ ಕಾಗದದ ಅಂಚುಗಳನ್ನು ಮನೆಗೆ ತಂದು, ಒಂದೊಂದು ಚೀಟಿಗೆ ಒಂದೊಂದು ಪದ, ಅಡಿಯಲ್ಲಿ ಅದರ ಅರ್ಥ ಬರೆದ. ಹೀಗೆ ಇಪ್ಪತ್ತೆರಡು ವರ್ಷ.

ಜೋಡಿಸಿದವಳು ಹೆಂಡತಿ. ಆಕೆಗೆ ಇಂಗ್ಲಿಷ್ ಓದಲು ಬಾರದು. ಆಕಾರ ನೋಡಿ ಅಕ್ಷರಗಳಿಗೆ ತನ್ನದೇ ಹೆಸರಿಟ್ಟುಕೊಂಡಳು: ಎಕ್ಸ್ ಎಂದರೆ ಕತ್ತರಿ, ಜೆ ಎಂದರೆ ಕೊಕ್ಕೆ, ಕ್ಯೂ ಎಂದರೆ ಬಾಲದ ಸೊನ್ನೆ. ಪದದಲ್ಲಿ ಯಾವ ಆಕಾರ ಎಲ್ಲಕ್ಕಿಂತ ಅಪರೂಪವೋ ಆ ಡಬ್ಬಕ್ಕೆ ಚೀಟಿ ಹೋಗುತ್ತಿತ್ತು. ಡಬ್ಬದೊಳಗೆ ಮತ್ತೆ, ಅದರ ನಂತರದ ಅಪರೂಪದ್ದು ಯಾವುದೋ ಆ ರಟ್ಟಿನ ಹಿಂದೆ. ರಟ್ಟುಗಳ ಮೇಲೆ ಅಕ್ಷರವಿಲ್ಲ, ಆಕೆಯೇ ಬಿಡಿಸಿದ ಚಿತ್ರ. ಕತ್ತರಿಗೆ ಮೂರೇ ಕೊಕ್ಕೆ ಸಿಕ್ಕಿವೆ, ನೀವು ಮೈಗಳ್ಳರಾಗಿದ್ದೀರಿ ಎಂದು ಗಂಡನನ್ನು ರೇಗಿಸುತ್ತಿದ್ದಳು. ಅವನು ನಗುತ್ತ ಮತ್ತೆ ಡಿಕ್ಷನರಿ ತೆರೆಯುತ್ತಿದ್ದ.

* * *

ಪಠ್ಯಪುಸ್ತಕ ಅಚ್ಚು ಹಾಕಿಸಲು ಪ್ರೆಸ್ಸಿಗೆ ಬಂದ ಪ್ರೊಫೆಸರರ ಕಣ್ಣಿಗೆ ಇದು ಬಿತ್ತು. ಪ್ರೂಫ್ ತಿದ್ದುವವನ ಪುಸ್ತಕವನ್ನು ಯಾರು ಕೊಳ್ಳುತ್ತಾರೆ, ಎಲ್ಲ ನನಗೆ ಬಿಡಿ ಎಂದರು. ಸತ್ತವನು ಬಿಟ್ಟ. ಚೊಕ್ಕಟವಾಗಿ ಪ್ರತಿ ಮಾಡಿದ ಹಾಳೆಗಳು ಅವರ ಮನೆಗೆ ಹೋದವು, ಎರಡು ಭಾಗ ಅವರ ಹೆಸರಿನಲ್ಲೇ ಹೊರಬಂದವು. ಮೂರನೇ ಭಾಗ ಇನ್ನೂ ಹಾಳೆಗೆ ಇಳಿಯದೆ ಡಬ್ಬಗಳಲ್ಲೇ ಇತ್ತು, ಆ ಡಬ್ಬಗಳನ್ನು ಅವರು ಒಮ್ಮೆಯೂ ಮುಟ್ಟಿರಲಿಲ್ಲ.

ಮುನ್ನುಡಿಯಲ್ಲಿ 'ಬರವಣಿಗೆಯಲ್ಲಿ ನೆರವಾದ ಗೆಳೆಯರೊಬ್ಬರಿಗೆ' ಒಂದು ಸಾಲಿನ ಕೃತಜ್ಞತೆ ಇತ್ತು. ಆ ಪುಟದ ಪ್ರೂಫ್ ಬಂದದ್ದೂ ಆ ಗೆಳೆಯನ ಮೇಜಿಗೇ. ಅವನು ಓದಿದ. ಬಿಟ್ಟುಹೋಗಿದ್ದ ಒಂದು ಅಲ್ಪವಿರಾಮ ಹಾಕಿ, ಸಹಿ ಮಾಡಿ ಕಳಿಸಿದ. ಅಂದು ಬೈಂಡರನಿಗೆ ಊಟ ಸೇರಲಿಲ್ಲ. ಸತ್ತವನು ಎಂದಿನಂತೆ ಉಂಡು ಕೈ ತೊಳೆದ. ಇದನ್ನು ಹೇಳುವಾಗ ಬೈಂಡರನಿಗೆ ಈಗಲೂ ಮೈ ಉರಿಯುತ್ತದೆ. ಕಸಿದುಕೊಂಡವರ ಮೇಲೆಷ್ಟು ಸಿಟ್ಟೋ, ತಿದ್ದಿ ಕೊಟ್ಟವನ ಮೇಲೂ ಅಷ್ಟೇ ಸಿಟ್ಟು.

* * *

ಹೆಂಡತಿ ಎದ್ದಳು. ಪ್ರೊಫೆಸರರ ಎದುರು ಆಕೆ ಈವರೆಗೆ ಕಾಫಿ ಇಟ್ಟು ಒಳಗೆ ಹೋದದ್ದುಂಟೇ ಹೊರತು ಮಾತಾಡಿದ್ದಿಲ್ಲ.

"ಸಾರ್, ಆ ಪುಸ್ತಕ ಮಾಡಿದ್ದು ಯಾರು?"

"ಯೋಜನೆ ನಂದಮ್ಮ. ಅವರು ತುಂಬಾ ನೆರವಾದರು."

"ಹಾಗಾದ್ರೆ ಇವರು ಕ್ಯೂ, ಜೆ ಅಂತಿದ್ರಲ್ಲ, ಆ ಎರಡೂ ಇರೋ ಪದ ಒಂದು ತೆಗೆದುಕೊಡಿ. ಆಮೇಲೆ ಎಲ್ಲಾ ತಗೊಂಡು ಹೋಗಿ."

ಪ್ರೊಫೆಸರರು ನಕ್ಕರು, ಮತ್ತೆ ಮೊಣಕಾಲೂರಿದರು, ಈ ಸಲ ಎರಡನ್ನೂ. ಒಂದು ಡಬ್ಬ ತೆರೆದರೆ ಕತ್ತರಿಯ ಚಿತ್ರ, ಇನ್ನೊಂದು ತೆರೆದರೆ ಏಣಿಯ ಚಿತ್ರ. ಎ, ಬಿ, ಸಿ ಸಾಲಾಗಿರುತ್ತವೆ ಎಂದುಕೊಂಡಿದ್ದವರು ಚೀಟಿಗಳನ್ನು ಸುಮ್ಮನೆ ಮಗುಚಿದರು. ಕೈಗಡಿಯಾರ ನೋಡಿಕೊಂಡರು. ಯಾರೂ ಅವರ ನೆರವಿಗೆ ಬರಲಿಲ್ಲ.

ಆಕೆ ಬಗ್ಗಿ, ಕನ್ನಡಕವೂ ಇಲ್ಲದೆ, ಮೂಲೆಯ ಡಬ್ಬದಿಂದ ಒಂದು ಚೀಟಿ ಎಳೆದು ಮಗಳ ಕೈಗೆ ಕೊಟ್ಟಳು.

"ಜಾಂಕ್ವಿಲ್," ಎಂದು ಮಗಳು ಓದಿದಳು. ಅಪ್ಪನ ಕೈಬರಹದ ಮೇಲೆ ಬೆರಳಾಡಿಸಿದಳು. "ಒಂದು ಹೂವಿನ ಹೆಸರು ಅಂತ ಬರೆದಿದಾರೆ."

"ನನಗೆ ಓದೋಕೆ ಬರಲ್ಲ ಸಾರ್," ಎಂದಳು ಆಕೆ. "ಓದೋಕೆ ಬರ್ತಿದ್ದವರು ಬಾಯಿ ಬಿಡಲಿಲ್ಲ. ಮೂರನೇದರ ಮೇಲೆ ಅವರ ಹೆಸರು ಹಾಕ್ತೀರಾ?"

"ಮುನ್ನುಡಿಯಲ್ಲಿ ಖಂಡಿತ."

"ಒಳಗಲ್ಲ. ಮೇಲೆ."

ಅದನ್ನು ಪ್ರಕಾಶಕರು ತೀರ್ಮಾನಿಸಬೇಕು ಎಂದರು ಪ್ರೊಫೆಸರರು.

"ತೀರ್ಮಾನ ಮಾಡ್ಲಿ. ಅಲ್ಲೀವರೆಗೂ ಡಬ್ಬ ಇಲ್ಲೇ ಇರುತ್ತೆ," ಎಂದಳು. ಮಗಳು ಈ ಸಲ ಹೂಂಗುಟ್ಟಿದ್ದು ಅಮ್ಮನಿಗೆ.

ಕೆಳಗೆ ಹೆಣದ ವ್ಯಾನು ಹಾರನ್ ಹೊಡೆಯಿತು. ಮೂರನೇ ಮಹಡಿ, ಲಿಫ್ಟ್ ಇಲ್ಲ. ವ್ಯಾನಿನವರು ಇಬ್ಬರು, ಬೈಂಡರ್ ಒಬ್ಬ. ಸ್ಟ್ರೆಚರಿನ ನಾಲ್ಕನೇ ಹಿಡಿ ಖಾಲಿ. ಪಕ್ಕದ ಮನೆಯ ಹಿರಿಯರು ಸೊಂಟದ ಮೇಲೆ ಕೈಯಿಟ್ಟುಕೊಂಡು ತಲೆ ತಗ್ಗಿಸಿದರು. ಉಳಿದವರೆಲ್ಲ ಹೆಂಗಸರು. ಹೆಂಡತಿ ಪ್ರೊಫೆಸರರತ್ತ ತಿರುಗಿದಳು.

"ಹೊರೋಕೆ ಅಂತಲೇ ಬಂದಿದೀರಲ್ಲ ಸಾರ್. ಬನ್ನಿ, ಈ ಕಡೆ ಹಿಡೀರಿ."

ಅಷ್ಟು ಕಣ್ಣುಗಳ ಎದುರು ಆಗುವುದಿಲ್ಲ ಎನ್ನಲು ಅವರಿಗೂ ಬಾಯಿ ಬರಲಿಲ್ಲ. ಆಕೆ ತೋರಿಸಿದ್ದು ಮುಂದಿನ ಹಿಡಿ. ಇಳಿಯುವಾಗ ಭಾರವೆಲ್ಲ ಜಾರಿ ಬರುವುದು ಅಲ್ಲಿಗೇ. ಇಪ್ಪತ್ತೆರಡು ವರ್ಷ ಚೀಟಿ ಬರೆದವನ ತೂಕ ಅವರ ಭುಜಕ್ಕೆ ಕೂತಿತು. ಬೈಂಡರ್ ಹಿಂದಿನಿಂದ ನಿಧಾನ, ಎಡಕ್ಕೆ, ಗೋಡೆಗೆ ತಾಗಿಸಬೇಡಿ ಎಂದು ಹೇಳುತ್ತಿದ್ದ. ಅವರು ಹೇಳಿದ ಹಾಗೆ ಕೇಳುತ್ತಿದ್ದರು. ಎರಡನೇ ತಿರುವಿನಲ್ಲಿ ಅವರ ಉಸಿರು ಎಲ್ಲರಿಗೂ ಕೇಳಿಸಿತು.

ರಸ್ತೆಯಲ್ಲಿ ಡ್ರೈವರ್ ಕಾರಿನ ಡಿಕ್ಕಿ ತೆರೆದು, ಒಳಗೆ ಹಳೇ ಪೇಪರು ಹಾಸಿ ಕಾಯುತ್ತಿದ್ದ. ಸಾಹೇಬರು ಬೆವರಿ, ಬಾಗಿ, ಹೆಣದಡಿಯಿಂದ ಕತ್ತು ಹೊರಚಾಚಿ ಬರುವುದನ್ನು ಕಂಡು ಎರಡೂ ಕೈ ಮುಂದೆ ಮಾಡಿ ಓಡಿದವನು, ಏನನ್ನು ತೆಗೆದುಕೊಳ್ಳಬೇಕೋ ತಿಳಿಯದೆ ನಡುದಾರಿಯಲ್ಲಿ ನಿಂತ.