ಖರಾಡಿಯ ಹಾಜರಿ

ಮುಂದಿನ ತಿಂಗಳಿನಿಂದ ಎಲ್ಲರೂ ವಾರವಿಡೀ ಪುಣೆಯ ಆ ತುದಿಯ ಖರಾಡಿಯ ಆಫೀಸಿಗೇ ಬರಬೇಕು ಎಂಬ ಮೇಲ್ ಬಂದಾಗ ಶಿವಕಾಂತಾ ಮೊದಲು ನೋಡಿದ್ದು ಅತ್ತೆಯ ಮಂಚದ ಕಡೆ. ನಿಗಡಿಯ ಆ ಎರಡು ಕೋಣೆಯ ಮನೆಯಲ್ಲಿ ಅವಳ ಮೇಜಿಗೂ ಭೀಮವ್ವನ ಮಂಚಕ್ಕೂ ನಡುವೆ ಒಂದು ಪರದೆ ಮಾತ್ರ. ವಿಮೆ ಕಂಪನಿಯೊಂದಕ್ಕೆ ಬರುವ ಆಸ್ಪತ್ರೆ ಬಿಲ್ಲುಗಳನ್ನು ಪರಿಶೀಲಿಸುವುದು ಅವಳ ಕೆಲಸ. ಕೊರೊನಾ ಕಾಲದಿಂದ ಅದನ್ನು ಅಲ್ಲೇ ಕೂತು ಮಾಡುತ್ತಿದ್ದಳು.

ಭೀಮವ್ವನಿಗೆ ಹೋದ ವರ್ಷ ಲಕ್ವಾ ಹೊಡೆದು ಬಲಗಡೆಯ ಕೈಕಾಲು ಬಿದ್ದುಹೋಗಿತ್ತು. ಜತೆಗೆ ಮರಾಠಿಯೂ ಹೋಯಿತು. ಪುಣೆಯಲ್ಲೇ ಬದುಕು ಕಳೆದು, ಸಂತೆಯಲ್ಲಿ ಮರಾಠಿಯಲ್ಲಿ ಜಗಳಾಡಿ ಗೆದ್ದುಬರುತ್ತಿದ್ದ ಹೆಂಗಸಿಗೆ ಈಗ ಚಿಕ್ಕಂದಿನ ಕನ್ನಡ ಮಾತ್ರ ಉಳಿದಿತ್ತು. ಅದೂ ತುಂಡು ತುಂಡು. ಮಗ ದೇವಾನಂದನದು ಚಾಕಣದ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ. ತಪ್ಪಿಸಿದರೆ ಆ ಜಾಗದಲ್ಲಿ ಬೇರೆಯವನನ್ನು ನಿಲ್ಲಿಸುತ್ತಾರೆ. ಮನೆ ನಡೆಯುತ್ತಿದ್ದುದು ಶಿವಕಾಂತಾಳ ಪಗಾರದಿಂದ. ಕೆಲಸ ಬಿಡುವ ಮಾತೇ ಇರಲಿಲ್ಲ.

ಕಷ್ಟ ಇದ್ದವರಿಗೆ ವಿನಾಯಿತಿ ಸಿಗಬಹುದು ಎಂದಿದ್ದರು. ಅವಳು ಕೇಳಿಕೊಂಡಳು. ಆನ್‌ಲೈನ್ ಮೀಟಿಂಗಿಗೆ ಕರೆದರು. ಮೀಟಿಂಗಿನ ಹಿಂದಿನ ದಿನ ಟೀಮ್ ಲೀಡರ್ ಶೀತಲ್ ಫೋನ್ ಮಾಡಿದಳು. ಬೆಳಗಾವಿಯ ಹುಡುಗಿ.

"ಅಕ್ಕಾ, ನಾಳೆ ಭಾಳ ಮಾತಾಡಬ್ಯಾಡ್ರಿ. ಸೇವಾ ಮಾಡಾಕ ಕೆಲಸದ ಬಾಯಿ ಒಬ್ಬಾಕಿ ಇದ್ದಾಳ, ಅತ್ತಿ ಮಾತು ಆಕಿಗೆ ತಿಳಿಯಂಗಿಲ್ಲ, ಅದಕ್ಕ ನಾ ಮನ್ಯಾಗ ಇರಬೇಕು. ಇಷ್ಟ ಅನ್ರಿ."

"ಬಾಯಿ ಎಲ್ಲಿದ್ದಾಳ ಶೀತಲ್?"

"ಇದ್ದಾಳಂತ ಹೇಳ್ರಿ ಅನ್ನಾಕತ್ತೀನಿ! ಎಲ್ಲಾ ಖರೇ ಹೇಳಾಕ ಅದೇನು ದೇವರ ಗುಡಿ ಏನ್ರಿ?"

ಮರುದಿನ ಕಂಪ್ಯೂಟರ್ ಪರದೆಯ ಮೇಲೆ ಪ್ರೇಮಕುಮಾರ ಬಂದ. ಎಚ್‌ಆರ್ ಮುಖ್ಯಸ್ಥ, ಬೆಂಗಳೂರಿನವನು. ದನಿ ಮೃದುವಾಗಿತ್ತು.

"ಮೇಡಂ, ನಿಮ್ಮ ಕೆಲಸದ ಬಗ್ಗೆ ಒಂದೂ ಕಂಪ್ಲೇಂಟ್ ಇಲ್ಲ. ಡ್ಯೂಟಿ ಟೈಮಲ್ಲಿ ಅತ್ತೇನ ಯಾರು ನೋಡ್ಕೋತಾರೆ?"

ಇನ್ನೊಂದು ಚೌಕದಲ್ಲಿ ಶೀತಲ್ ಕೆಮ್ಮಿದಳು. ಶಿವಕಾಂತಾ ರಾತ್ರಿಯೆಲ್ಲ ಆ ಸುಳ್ಳನ್ನು ಬಾಯಿಪಾಠ ಮಾಡಿದ್ದಳು. ಆದರೆ ಮುಂದೆ ಯಾವತ್ತಾದರೂ ಆ ಕೆಲಸದ ಬಾಯಿಯ ಹೆಸರು ಕೇಳಿದರೆ? ಅಲ್ಲದೆ ತಾನು ಕೆಲಸ ಕದ್ದವಳಲ್ಲ. ಪೂರ್ತಿ ಹೇಳಿದರೆ ಅದು ಅವರಿಗೂ ಗೊತ್ತಾಗುತ್ತದೆ ಅನ್ನಿಸಿತು.

"ನಾನ ನೋಡ್ತೀನ್ರಿ. ಕರದ್ರ ಎದ್ದು ಹೋಗಿ ಮಗ್ಗಲ ಹೊಳ್ಳಸ್ತೀನಿ, ಬಟ್ಟಿ ಬದಲಸ್ತೀನಿ. ಆ ಹೊತ್ತೆಲ್ಲಾ ಸಂಜಿಮುಂದ ಕೂತು ತುಂಬಿ ಕೊಡ್ತೀನ್ರಿ. ಒಂದ ಬಿಲ್ಲೂ ಉಳಸಿಲ್ಲ."

"ಅಂದ್ರೆ ಶಿಫ್ಟ್ ಮಧ್ಯೆ ಸೀಟ್ ಬಿಟ್ಟು ಎದ್ದು ಹೋಗ್ತೀರಿ."

"ಹೌದ್ರಿ, ಆದ್ರ..."

"ಸ್ಕ್ರೀನ್ ಲಾಕ್ ಮಾಡಿ ಹೋಗ್ತೀರಾ? ಪೇಷೆಂಟ್‌ಗಳ ಮಾಹಿತಿ ಇರುತ್ತಲ್ಲ."

ಅವಳು ಯೋಚಿಸಿದಳು. "ಅವಸರದಾಗ ಒಮ್ಮೊಮ್ಮೆ ಮರತಿರಬಹುದ್ರಿ."

ಪ್ರೇಮಕುಮಾರ ಏನೋ ಟೈಪ್ ಮಾಡಿಕೊಂಡ. "ಆನೆಸ್ಟ್ ಆಗಿ ಹೇಳಿದ್ರಿ. ಥ್ಯಾಂಕ್ಸ್ ಮೇಡಂ."

ಸಂಜೆಯೊಳಗೆ ವಿನಾಯಿತಿ ಇಲ್ಲ ಎಂಬ ಉತ್ತರ ಬಂತು. ಹಿಂದೆಯೇ ಶೀತಲ್ ಫೋನು.

"ನಿಮ್ಮನ್ನ ಏನ್ ಮಾಡ್ಬೇಕಕ್ಕಾ? ಆಫೀಸಿನ್ಯಾಗ ಚಾ ಕುಡಿಯಾಕ ಹೋದವರು ತಾಸಗಟ್ಲೆ ಬರಂಗಿಲ್ಲ. ಅವ್ರನ್ನ ಯಾರರ ಕೇಳ್ತಾರೇನು?"

ಅತ್ತೆಯನ್ನು ನೋಡಿಕೊಳ್ಳಲು ಇಂದಾಪುರದ ಕಡೆಯ ಕೃಷ್ಣಾಬಾಯಿ ಸಿಕ್ಕಳು. ಒಳ್ಳೆಯವಳು, ಕೈ ಸ್ವಚ್ಛ, ಮುದುಕಿಯನ್ನು ಎತ್ತುವ ಶಕ್ತಿಯೂ ಇತ್ತು. ಆದರೆ ಮರಾಠಿ ಬಿಟ್ಟು ಬೇರೆ ಮಾತು ಬಾರದು. ಶಿವಕಾಂತಾ ಕೂಡಿಸಿಕೊಂಡು ಕಲಿಸಿದಳು: ನೀರು, ನೋವು, ಹಸಿವು. ಕೃಷ್ಣಾಬಾಯಿ ನಗುತ್ತ ಅಂದು ತೋರಿಸಿದಳು. ಆದರೆ ಆ ಶಬ್ದಗಳು ಭೀಮವ್ವನ ಬಾಯಿಂದ ಹಾಗೆ ಸರಿಯಾಗಿ ಬರುತ್ತಿರಲಿಲ್ಲ.

ಮೊದಲ ದಿನ ಶಿವಕಾಂತಾ ಬಸ್ಸು ಬದಲಿಸಿ ಬದಲಿಸಿ ಖರಾಡಿ ಮುಟ್ಟಿದಳು. ಮಾಹಿತಿ ಸೋರಬಾರದೆಂದು ಅಲ್ಲಿ ಫೋನನ್ನು ಬಾಗಿಲಲ್ಲೇ ಲಾಕರಿಗೆ ಹಾಕಿಸುತ್ತಾರೆ. ಅವಳ ಟೀಮಿನವರು ನಾಗಪುರ, ಇಂದೋರ್ ಆಫೀಸುಗಳಲ್ಲಿದ್ದರು. ಹೆಡ್‌ಫೋನ್ ಹಾಕಿಕೊಂಡು, ಮನೆಯಲ್ಲಿ ನೋಡುತ್ತಿದ್ದ ಅದೇ ಮುಖಗಳನ್ನು ಅದೇ ಚೌಕಗಳಲ್ಲಿ ನೋಡಿದಳು.

ಊಟದ ಹೊತ್ತಿಗೆ ಲಾಕರ್ ತೆಗೆದರೆ ಕೃಷ್ಣಾಬಾಯಿಯ ಕರೆಗಳ ಸಾಲು. ವಾಪಸ್ ಮಾಡಿದಳು. ಕೃಷ್ಣಾಬಾಯಿ ಅಳುವ ದನಿಯಲ್ಲಿ ಮರಾಠಿಯಲ್ಲಿ ಹೇಳಿದಳು: ಅಜ್ಜಿ ಬೆಳಿಗ್ಗೆಯಿಂದ ಒದರುತ್ತಿದ್ದಾರೆ, ನೀರು ಕೊಟ್ಟೆ, ಗಂಜಿ ಕೊಟ್ಟೆ, ಬಟ್ಟೆ ಬದಲಿಸಿದೆ, ಸುಮ್ಮನಾಗುತ್ತಿಲ್ಲ.

"ಫೋನ್ ಅವ್ರ ಕಿವಿಗೆ ಹಿಡಿ" ಎಂದು ಶಿವಕಾಂತಾ ಮರಾಠಿಯಲ್ಲೇ ಹೇಳಿದಳು.

"ಶಿವಾ... ಕಾಲ... ಬುಡಕ..."

ಕಾಲಿನ ಕೆಳಗೆ ನೋಡು ಎಂದು ಶಿವಕಾಂತಾ ಕೃಷ್ಣಾಬಾಯಿಗೆ ಹೇಳಿದಳು. ಜೀವ ಇದ್ದ ಎಡಗಾಲು ಸತ್ತ ಬಲಗಾಲಿನ ಅಡಿಗೆ ಸಿಕ್ಕಿಕೊಂಡಿತ್ತು. ಕೃಷ್ಣಾಬಾಯಿ "ಅಗ ಬಾಯೀ" ಎಂದು ಅತ್ತುಕೊಂಡೇ ಬಿಡಿಸಿದಳು.

ದಿನಾ ಮಧ್ಯಾಹ್ನ ಶಿವಕಾಂತಾ ಊಟಕ್ಕೂ ಮೊದಲು ಲಾಕರ್ ತೆಗೆಯುತ್ತಿದ್ದಳು. ಕರೆಗಳು ಬರಬರುತ್ತ ಕಡಿಮೆಯಾದವು. ಒಂದು ದಿನ ಒಂದೂ ಇರಲಿಲ್ಲ. ಗಾಬರಿಯಾಗಿ ತಾನೇ ಫೋನ್ ಮಾಡಿದಳು. ಅಜ್ಜಿ ಈಗ ಅಗದೀ ಶಾಂತ, ಏನೂ ತ್ರಾಸಿಲ್ಲ ಎಂದು ಕೃಷ್ಣಾಬಾಯಿ ಸಂತೋಷದಿಂದ ಹೇಳಿದಳು.

"ಹಟ ಬಿಟ್ಟಾಳ ಅವ್ವ. ಹೊಂದಿಕೊಂಡಾಳ ನೋಡು," ಎಂದ ದೇವಾನಂದ ಆ ಸಂಜೆ.

ಶಿವಕಾಂತಾ ಚಪ್ಪಲಿ ಬಿಟ್ಟವಳೇ ಮಂಚದ ಹತ್ತಿರ ಕೂತಳು. "ಅತ್ತೀ, ಏನರ ಬೇಕೇನ್ರಿ?"

ಭೀಮವ್ವ ಅವಳನ್ನು ನೋಡಿದಳು. ಆಮೇಲೆ ಗೋಡೆಯ ಕಡೆ ನೋಡಿದಳು.

ಶಿವಕಾಂತಾ ಒಂದು ಲೋಟ ನೀರು ತಂದು ತುಟಿಗೆ ಹಿಡಿದಳು. ಭೀಮವ್ವ ಉಸಿರು ಬಿಡದೆ ಕುಡಿದಳು. ಇನ್ನೊಂದು ತಂದಳು. ಅದನ್ನೂ ಹಾಗೇ ಕುಡಿದಳು. ಬೇಕು ಎಂದು ಮಾತ್ರ ಹೇಳಲಿಲ್ಲ.