ಡಾಕ್ಟರು ಕಾದು ಕೂತ ಮಧ್ಯಾಹ್ನ

ಅಮರಗೋಳದ ಮಾರುಕಟ್ಟೆಯಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದ ನಾಗರತ್ನಾ, ದರ ಮಾತಾಡುತ್ತಿರುವಾಗಲೇ ನಿದ್ದೆಗೆ ಜಾರತೊಡಗಿದಳು. ಜೋರಾಗಿ ನಕ್ಕರೆ ಮೊಣಕಾಲು ಸೋತು ಕುಸಿಯುತ್ತಿದ್ದಳು. ಹುಬ್ಬಳ್ಳಿಯ ಡಾಕ್ಟರ್ ವಿನೀತ ಒಂದು ಪರೀಕ್ಷೆಯನ್ನೂ ಮಾಡಿಸದೆ ಮನೋರೋಗವೆಂದು ಬರೆದು, ವರ್ಷಗಟ್ಟಲೆ ಅದರ ಗುಳಿಗೆ ನುಂಗಿಸಿದ. ಆ ಮಾತನ್ನೇ ಹಿಡಿದು ಗಂಡ ಬಸವಪ್ರಭು ಬೇರೆಯಾದ. ಮಗಳು ಸುರಭಿಯನ್ನೂ ಕರೆದೊಯ್ದ. ಅವ್ವ ಹುಚ್ಚಿ, ಹತ್ತಿರ ಹೋಗಬೇಡವೆಂದು ಹುಡುಗಿಗೆ ಕಲಿಸಿದ.

ಕೊನೆಗೆ ಬೆಂಗಳೂರಿನ ವೈದ್ಯೆಯೊಬ್ಬರು ನಿದ್ದೆಯ ಪರೀಕ್ಷೆ ಮಾಡಿಸಿ, ಇದು ನಾರ್ಕೊಲೆಪ್ಸಿ, ನಿದ್ದೆಯ ಮೇಲಿನ ಹಿಡಿತ ತಪ್ಪಿಸುವ ಮಿದುಳಿನ ಕಾಯಿಲೆ, ಹುಚ್ಚಲ್ಲ ಎಂದರು. ನಾಗರತ್ನಾ ಅತ್ತದ್ದು ಅಂದು ಮಾತ್ರ. ಊರಿಗೆ ಬಂದವಳೇ ಧಾರವಾಡದ ಗ್ರಾಹಕರ ಆಯೋಗದಲ್ಲಿ ಪರಿಹಾರಕ್ಕೆ ದಾವೆ ಹೂಡಿದಳು.

ತೀರ್ಪು ಹತ್ತಿರವಾದಾಗ ವಿನೀತ ಫೋನು ಮಾಡಿ, ಗೋಪನಕೊಪ್ಪದ ಅವಳ ಮನೆಗೆ ಬಂದ.

"ಬರ್ರಿ, ಕೂಡ್ರಿ. ನನಗ ನಿದ್ದಿ ಬರಾಕತ್ತೈತಿ. ಎದ್ದಮ್ಯಾಲೆ ಮಾತಾಡೋಣ್ರಿ," ಎಂದು ನಾಗರತ್ನಾ ಅವನೆದುರೇ ಒರಗಿದಳು. ಅವನು ಬರುವುದು ಗೊತ್ತಿದ್ದೇ ನಿದ್ದೆ ತಡೆಯುವ ಅಂದಿನ ಗುಳಿಗೆ ಬಿಟ್ಟಿದ್ದಳು. ಕಣ್ಣು ತೆರೆದಾಗ ಆತ ಇನ್ನೂ ಕೂತಿದ್ದ. ತಾಯಿ ಶಿವಲಿಂಗವ್ವ ಕೊಟ್ಟ ಚಹಾ ಆರಿಹೋಗಿತ್ತು. ನಾಗರತ್ನಾಳಿಗೆ ಹಿತವೆನಿಸಿತು.

"ರಾಜಿ ಮಾಡ್ಕೊಳ್ಳೋಣ್ರಿ," ಎಂದ ವಿನೀತ. "ಏನು ಬೇಕು ಹೇಳ್ರಿ."

"ನನ್ನ ಮಗಳಿಗೆ ಖರೇ ಏನಂತ ನಿಮ್ಮ ಬಾಯಿಲೆ ಹೇಳ್ರಿ."

ಬಸವಪ್ರಭುವಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ, ಮಗಳನ್ನು ಕರೆಸಿದಳು. ವಿನೀತ ತಡವರಿಸಿದ. "ನಿಮ್ಮ ಅವ್ವಗ ಹುಚ್ಚಿಲ್ಲ, ತಂಗಿ. ಇದು ನಿದ್ದಿ ಕಾಯಿಲೆ ಅದ. ನಾನೇ ತಪ್ಪು ಮಾಡೇನಿ."

ಆ ಕಡೆಯಿಂದ ಸುರಭಿ, "ಮತ್ತ ಅಪ್ಪಾ, ನೀ ಹಂಗ್ಯಾಕ ಹೇಳಿದ್ದಿ?" ಎಂದದ್ದು ಕೇಳಿಸಿತು. ಫೋನು ಕಟ್ಟಾಯಿತು.

ವಿನೀತ ಬೆವರೊರೆಸಿಕೊಂಡ. "ಇನ್ನ ಕೇಸ್ ವಾಪಸ್ ತಗೋರಿ."

"ತಗೋತೀನಿ ಅಂತ ನಾ ಯಾವಾಗ ಅಂದೇನ್ರಿ?"

"ಇದು ಮೋಸ ಆತು."

"ಹೌದ್ರಿ. ಎದಿಯಾಗ ಹೆಂಗ ಚುಚ್ತೈತಿ, ಗೊತ್ತಾತಲ್ಲ? ಹೋಗಿ ಬರ್ರಿ."

ಆಯೋಗ ಅವನ ನಿರ್ಲಕ್ಷ್ಯವನ್ನು ಒಪ್ಪಿ ಪರಿಹಾರ ಕೊಡಲು ಆದೇಶಿಸಿತು. ಪತ್ರಿಕೆಗಳಲ್ಲಿ ವಿನೀತನ ಹೆಸರು ಬಂತು. ಆತ ಮೇಲ್ಮನವಿ ಹಾಕಿದ್ದಾನೆಂದು ವಕೀಲರು ಹೇಳಿದಾಗ ನಾಗರತ್ನಾ ಬೇಸರಪಡಲಿಲ್ಲ. ಇನ್ನೊಂದು ಸಲ ಅವನನ್ನು ಎಲ್ಲರೆದುರು ನಿಲ್ಲಿಸಬಹುದಲ್ಲ ಎಂದುಕೊಂಡಳು.

ಅಷ್ಟರಲ್ಲಿ ಸುರಭಿ ಹಟ ಹಿಡಿದು ಶನಿವಾರ ಅವ್ವನ ಮನೆಗೆ ಬರತೊಡಗಿದ್ದಳು. "ಆ ಡಾಕ್ಟರ್ ತಪ್ಪು ಒಪ್ಕೊಂಡಾನಲ್ಲ, ಸಾಕು ಬಿಡಬೇ," ಎಂದಳು ಒಮ್ಮೆ.

"ಬಿಡಂಗಿಲ್ಲ," ಎಂದಳು ನಾಗರತ್ನಾ, ಮಗಳ ಜಡೆ ಹೆಣೆಯುತ್ತ.