ಮಹಡಿ ಕೋಣೆಯ ಕಾವು

ಕೆಳಗಿನ ಮನೆ ತಂಪು, ಮೇಲಿನ ಕೋಣೆ ಕೆಂಡ. ಸಪಾಟು ತಾರಸಿಯ ಮನೆಗಳಿರುವ ಯಾವ ಬೀದಿಗೆ ಹೋದರೂ ಬೇಸಿಗೆಯಲ್ಲಿ ಈ ಮಾತು ಕಿವಿಗೆ ಬೀಳುತ್ತದೆ. ಕೆಳಗಿರುವವರು ಸಾಮಾನ್ಯವಾಗಿ ಮನೆಯ ಯಜಮಾನರು, ಮೇಲಿರುವವರು ಬಾಡಿಗೆಯವರು.

ಬೇಕರಿ ನಡೆಸುತ್ತಿದ್ದ, ಎಲ್ಲರೂ ಬೇಕರಿಯವರು ಎಂದೇ ಕರೆಯುವ ಒಬ್ಬರ ಮನೆಯಲ್ಲೂ ಹಾಗೇ ಇತ್ತು. ಅವರ ಮಹಡಿಯ ಒಂಟಿ ಕೋಣೆಯಲ್ಲಿ ಆಸ್ಪತ್ರೆಯ ನರ್ಸ್ ಒಬ್ಬಳು ಬಾಡಿಗೆಗಿದ್ದಳು. ಬೀದಿಯವರೆಲ್ಲ ಅವಳನ್ನು ಸಿಸ್ಟರ್ ಎಂದೇ ಕರೆಯುತ್ತಿದ್ದರು. ಅವಳದು ರಾತ್ರಿ ಪಾಳಿ. ರಾತ್ರಿಯಿಡೀ ರೋಗಿಗಳನ್ನು ನೋಡಿಕೊಂಡು ಬಂದು ಹಗಲು ನಿದ್ದೆ ಮಾಡಬೇಕು.

ಹಿಂದಿನ ಮಳೆಗಾಲದಲ್ಲಿ ಆ ಕೋಣೆ ಸೋರಿತ್ತು. ಅಗ್ಗಕ್ಕೆ ಸಿಕ್ಕಿತೆಂದು ಬೇಕರಿಯವರು ತಾರಸಿಯ ಮೇಲೆಲ್ಲ ಕಪ್ಪು ಡಾಂಬರು ಶೀಟು ಹಾಸಿಸಿದರು. ಸೋರುವುದು ನಿಂತಿತು. ಬೇಸಿಗೆ ಕಾಲಿಟ್ಟ ಮೇಲೆ ಸಿಸ್ಟರ್ ಕೆಳಗಿಳಿದು ಬಂದಳು.

“ಅಂಕಲ್, ಮೇಲೆ ತಡೆಯೋಕಾಗ್ತಿಲ್ಲ. ಫ್ಯಾನ್ ಹಾಕಿದ್ರೆ ಬಿಸಿ ಗಾಳಿನೇ ಮುಖಕ್ಕೆ ಹೊಡೆಯುತ್ತೆ. ತಾರಸಿಗೆ ಏನಾದ್ರೂ ಮಾಡ್ಸಿ.”

ಬೇಕರಿಯವರು ನಕ್ಕುಬಿಟ್ಟರು. “ಏನಮ್ಮ, ಜೀವಮಾನ ಎಲ್ಲ ಒಲೆ ಮುಂದೆ ನಿಂತವನು ನಾನು. ನನಗೇ ಬಿಸಿ ಪಾಠ ಹೇಳ್ತೀಯಾ?”

ಅವಳು ಮತ್ತೆ ಕೇಳಲಿಲ್ಲ. ಬೆಳಿಗ್ಗೆ ಬಂದವಳೇ ತಾರಸಿಗೆ ಎರಡು ಬಕೆಟ್ ನೀರು ಸುರಿದು ಮಲಗತೊಡಗಿದಳು. ಅದನ್ನು ಕಂಡ ದಿನ ಬೇಕರಿಯವರು ಗೇಟಿನಲ್ಲೇ ನಿಂತು ಕೂಗಿದರು: “ನೀರೇನು ನಿಮ್ಮಪ್ಪನ ಮನೆಯಿಂದ ಬರುತ್ತಾ?” ಎದುರು ಮನೆಯವರು ಕಿಟಕಿ ತೆರೆದು ನೋಡಿದರು. ಸಿಸ್ಟರ್ ಬಕೆಟ್ ಎತ್ತಿಕೊಂಡು ಒಳಗೆ ಹೋದಳು.

ಕೆಲವು ದಿನ ಕಳೆದವು. ಒಂದು ಮಧ್ಯಾಹ್ನ ಬೇಕರಿಯವರ ಹೆಂಡತಿ ಒಣಗಿದ ಬಟ್ಟೆ ತರಲು ಮೇಲೆ ಹೋದರು. ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಕರೆದರೂ ಉತ್ತರವಿಲ್ಲ. ಒಳಗೆ ಹೆಜ್ಜೆ ಇಟ್ಟು ನೋಡಿದರೆ ಹಾಸಿಗೆ ಖಾಲಿ. ಸಿಸ್ಟರ್ ಬಚ್ಚಲಿನ ಒದ್ದೆ ನೆಲದ ಮೇಲೆ ಮುದುಡಿಕೊಂಡು ಬಿದ್ದಿದ್ದಳು.

“ರೀ, ಬೇಗ ಬನ್ನಿ!”

ಆ ಕೂಗಿಗೆ ಬೇಕರಿಯವರು ಎದ್ದುಬಿದ್ದು ಓಡಿದರು. ಅಷ್ಟರಲ್ಲಿ ಸಿಸ್ಟರ್ ಎಚ್ಚರಗೊಂಡು ಎದ್ದು ಕೂತಿದ್ದಳು. ತಲೆಯಡಿ ದಿಂಬಿತ್ತು. ಬಿದ್ದಿರಲಿಲ್ಲ, ಮಲಗಿದ್ದಳು.

“ಏನಾಗಿಲ್ಲ ಆಂಟಿ, ಇಲ್ಲಿ ನೆಲ ತಂಪಿರುತ್ತೆ ಅಂತ...” ಎಂದವಳು ಬೇಕರಿಯವರನ್ನು ಕಂಡು ಗಾಬರಿಯಾದಳು. “ನೀರು ಜಾಸ್ತಿ ಹಾಕಿಲ್ಲ ಅಂಕಲ್. ಒಂದೇ ಚೊಂಬು.”

ಬೇಕರಿಯವರಿಗೆ ನಿಂತ ನೆಲವೇ ಬಾಯಿ ಬಿಟ್ಟಂತಾಯಿತು. ತಲೆ ತಗ್ಗಿಸಿದರು.

“ಎಷ್ಟು ದಿನದಿಂದ ಹೀಗೆ?” ಹೆಂಡತಿ ಕೇಳಿದರು.

“ತಾರಸಿಗೆ ನೀರು ಹಾಕೋದು ಬಿಟ್ಟಾಗಿಂದ. ಇಲ್ಲೂ ಸರಿಯಾಗಿ ನಿದ್ದೆ ಬರಲ್ಲ ಆಂಟಿ. ನಿನ್ನೆ ಕಣ್ಣು ಮುಚ್ಚಿ ಹೋಗಿ ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಕೊಡೋಕೆ ಹೋಗಿದ್ದೆ. ಜೊತೆಯವಳು ಕೈ ಹಿಡಿದು ತಡೆದಳು.”

ಆ ದಿನವೇ ಹೆಂಡತಿ ಅವಳನ್ನು ಕೆಳಗೆ ಕರೆತಂದು ತಮ್ಮ ನಡುಕೋಣೆಯಲ್ಲಿ ಮಲಗಿಸಿದರು. ಆಮೇಲೆ ಅಡುಗೆಮನೆಯಲ್ಲಿ ಗಂಡನಿಗೆ ಪಿಸುದನಿಯಲ್ಲೇ ಹೇಳಿದರು: “ಯಾರ ಮನೆ ಮಗಳೋ, ಬಚ್ಚಲಲ್ಲಿ ಮಲಗೋ ಹಾಗೆ ಮಾಡಿದ್ವಲ್ಲ. ನನಗಂತೂ ಅವಳ ಮುಖ ನೋಡೋಕಾಗ್ತಿಲ್ಲ.” ಬೇಕರಿಯವರ ಮುಂದೆ ತಟ್ಟೆ ಹಾಗೇ ಇತ್ತು. ಅದನ್ನು ಸರಿಸಿ ಫೋನ್ ಕೈಗೆತ್ತಿಕೊಂಡರು.

ಹೆಂಡತಿಯ ಅಣ್ಣನ ಮಗಳು ಪುಟ್ಟಿ ಮನೆ ಕಟ್ಟಿಸುವ ಇಂಜಿನಿಯರ್. ಮರುದಿನವೇ ಬಂದು ತಾರಸಿ ಹತ್ತಿದಳು.

“ಮಾವ, ಚಪ್ಪಲಿ ಬಿಟ್ಟು ಈ ಶೀಟ್ ಮೇಲೆ ನಿಲ್ಲಿ ನೋಡೋಣ.”

ಕಾಲಿಟ್ಟ ಬೇಕರಿಯವರು ಹಾರಿಬಿದ್ದು ಹಿಂದೆ ಸರಿದರು.

“ಕಪ್ಪು ಬಿಸಿಲನ್ನ ಹೀರಿಕೊಳ್ಳುತ್ತೆ. ಕೆಳಗಿರೋ ಕಾಂಕ್ರೀಟ್ ಆ ಕಾವನ್ನ ಹಿಡಿದಿಟ್ಟುಕೊಂಡು, ಹೊತ್ತು ಮುಳುಗಿದ ಮೇಲೂ ಕೋಣೆ ಒಳಗೆ ಬಿಡ್ತಾನೇ ಇರುತ್ತೆ.”

“ನಮ್ಮ ಇಟ್ಟಿಗೆ ಒಲೆ ಥರ,” ಎಂದರು ಬೇಕರಿಯವರು ಮೆಲ್ಲಗೆ. “ಬೆಂಕಿ ತೆಗೆದ ಮೇಲೂ ಅದೇ ಕಾವಲ್ಲಿ ರಸ್ಕ್ ಒಣಗಿಸ್ತೀವಿ. ಬೇರೆಯವರಿಗೆ ತಿಳಿಯದೇ ಇದ್ರೆ ಸರಿ. ನನಗೆ ತಿಳೀಬೇಕಿತ್ತು.” ಚಪ್ಪಲಿ ಮೆಟ್ಟಿಕೊಳ್ಳುತ್ತಾ ಕೇಳಿದರು, “ಬಿಳಿ ಬಣ್ಣ ಬಳಿದುಬಿಟ್ರೆ ಸಾಕಾ?”

“ಗೋಡೆಗೆ ಬಳಿಯೋ ಬಣ್ಣ ಬೇಡ, ಮಳೆಗೆ ಎದ್ದುಹೋಗುತ್ತೆ. ಬಿಸಿಲನ್ನ ವಾಪಸ್ ಕಳಿಸೋ ಬಿಳಿ ಬಣ್ಣ ತಾರಸಿಗೆ ಅಂತಲೇ ಸಿಗುತ್ತೆ. ಕಡಿಮೆ ಖರ್ಚಿನ ದಾರಿ ಅದೇ. ಧೂಳು ಕೂತರೆ ತೊಳೀಬೇಕು, ಮಾಸಿದ್ರೆ ಮತ್ತೆ ಬಳೀಬೇಕು. ಆದ್ರೆ ಇದು ಹಗಲು ಮಲಗೋರ ಕೋಣೆ. ಇದಕ್ಕೆ ಕಾವು ತಡೆಯೋ, ಥರ್ಮಾಕೋಲ್ ಥರದ ಹಗುರ ಹಲಗೆನೂ ಹಾಕಿಸಿ, ಮೇಲೆ ಬಿಳಿ ಟೈಲ್ಸ್ ಕೂರಿಸೋಣ.”

“ಅದರ ಬದಲು ಒಂದಡಿ ಮಣ್ಣು ತುಂಬಿಸಿದ್ರೆ?”

“ನೆನೆದ ಮಣ್ಣು ಎಷ್ಟು ಭಾರ ಗೊತ್ತಾ ಮಾವ? ತಾರಸಿ ಎಷ್ಟು ಹೊರುತ್ತೆ ಅಂತ ತಿಳಿದವರು ನೋಡಿ ಹೇಳದೆ ಅದರ ಮೇಲೆ ಏನೂ ಹೇರಬಾರದು. ಟೈಲ್ಸ್ ಭಾರಾನೂ ನೋಡಿಯೇ ಹಾಕಿಸ್ತೀನಿ.”

ಮಳೆ ಶುರುವಾಗುವ ಮೊದಲೇ ಕೆಲಸ ನಡೆಯಿತು. ಶೀಟು ಕಿತ್ತು ಬಿರುಕು ಮುಚ್ಚಿದರು. ನೀರು ನಿಲ್ಲದೆ ಪೈಪಿನ ಕಡೆ ಹರಿಯುವಂತೆ ಇಳಿಜಾರು ಸರಿಮಾಡಿದರು. ನೀರು ಇಳಿಯದ ಪದರ ಬಳಿದು, ತಾರಸಿಯಲ್ಲಿ ನೀರು ಕಟ್ಟಿ ನಿಲ್ಲಿಸಿ, ಒಳಗೆ ಒಂದು ಹನಿಯೂ ಜಿನುಗಲಿಲ್ಲವೆಂದು ಖಾತ್ರಿಯಾದ ಮೇಲೆಯೇ ಹಲಗೆ, ಟೈಲ್ಸ್ ಹಾಕಿದರು.

ಮುಗಿದ ಮೇಲೆ ಬೇಕರಿಯವರು ಮಟಮಟ ಮಧ್ಯಾಹ್ನ ಆ ಕೋಣೆಯಲ್ಲಿ ತಾವೇ ಮಲಗಿ ನೋಡಿದರು. ಸೆಕೆ ಇತ್ತು, ಆದರೆ ಕಣ್ಣಿಗೆ ನಿದ್ದೆ ಹತ್ತಿತು. ಸಂಜೆ ಸಿಸ್ಟರ್ ಬಳಿ ಬಂದು ನಿಂತರು.

“ನನ್ನಿಂದ ದೊಡ್ಡ ತಪ್ಪಾಯ್ತಮ್ಮ. ಕೋಣೆ ಈಗ ಚೆನ್ನಾಗಿದೆ. ಬಾ.”

“ಅಂಕಲ್, ನೀವು ಬೈದ ದಿನವೇ ನಾನು ಬೇರೆ ಮನೆಗೆ ಮಾತು ಕೊಟ್ಟಾಯ್ತು. ಈ ತಿಂಗಳ ಕೊನೆಗೆ ಹೋಗ್ತೀನಿ.”

ಬೇಕರಿಯವರು ಬಲವಂತ ಮಾಡಲಿಲ್ಲ. ಯಾವ ಬಾಯಿಂದ ಮಾಡುವುದು?

“ಒಂದು ಉಪಕಾರ ಮಾಡ್ತೀರಾ?” ಅವಳೇ ಕೇಳಿದಳು. “ಅಲ್ಲೂ ಮಹಡಿ ಕೋಣೆನೇ. ಆ ಓನರ್‌ಗೆ ನಾನು ಹೇಳಿದ್ರೆ ಕೇಳಲ್ಲ. ನೀವು ಹೇಳಿ.”

ಬೇಕರಿಯವರು ಹೋದರು. ಆ ಯಜಮಾನರು ತಂಪಾದ ಹಜಾರದಲ್ಲಿ ಕೂತು, “ಅಷ್ಟೇನೂ ಬಿಸಿ ಇಲ್ಲ ಬಿಡಿ,” ಎಂದರು. “ನೀವು ಮೇಲೆ ಮಲಗಿ ನೋಡಿದ್ದೀರಾ? ನಾನೂ ನೋಡಿರಲಿಲ್ಲ,” ಎಂದು ಬೇಕರಿಯವರು ನಡೆದದ್ದೆಲ್ಲ ಹೇಳಿದರು. ಬಚ್ಚಲಿನ ಮಾತು ಹೇಳುವಾಗ ಅವರ ದನಿ ಕುಗ್ಗಿತು, ಆದರೂ ಬಿಡದೆ ಹೇಳಿದರು. ಕೇಳಿದವರು ಎದ್ದು ಚಪ್ಪಲಿ ಹಾಕಿಕೊಂಡು ಅವರ ಜೊತೆ ಮೆಟ್ಟಿಲು ಹತ್ತಿದರು.

ಈಗ ನಿಮ್ಮ ಸರದಿ. ನಿಮ್ಮ ತಾರಸಿಯ ಕೆಳಗೆ ಬಾಡಿಗೆಯವರಿರಲಿ, ಹೆತ್ತವರಿರಲಿ, ಮಕ್ಕಳಿರಲಿ, ಬಿಸಿಲು ನೆತ್ತಿಗೇರಿದ ಹೊತ್ತಿನಲ್ಲಿ ಅಲ್ಲಿ ಹೋಗಿ ಮಲಗಿ. ನಿದ್ದೆ ಬಾರದಿದ್ದರೆ ಮಳೆಗಾಲದೊಳಗೆ ತಾರಸಿ ಸರಿಮಾಡಿಸಿ. ಕೈಯಲ್ಲಿ ಅಷ್ಟು ಹಣವಿಲ್ಲದಿದ್ದರೆ ಸೋರಿಕೆ ನಿಲ್ಲಿಸಿ ಬಿಳಿ ಬಣ್ಣವನ್ನಾದರೂ ಬಳಿಸಿ. ಹೊಸ ಮನೆ ಕಟ್ಟುವವರು ಕಾಂಕ್ರೀಟ್ ಹಾಕುವ ಮೊದಲೇ ಇಂಜಿನಿಯರನ್ನು ಕೇಳಿ ತೀರ್ಮಾನಿಸಿ. ತಾರಸಿ ಮಳೆ ತಡೆದರಷ್ಟೇ ಸಾಲದು, ಬಿಸಿಲನ್ನೂ ತಡೆಯಬೇಕು. ಮೇಲಿರುವವರು ಬಂದು ಕೇಳುವವರೆಗೆ ಕಾಯಬೇಡಿ.